ಮೆಟ್ಟಿಲ ಕೆಳಗಿನ ಹದಿನೇಳು ಕರಿ ವೈರು

'ಗೊತ್ತಿಲ್ಲ' ಎಂಬ ಮೂರಕ್ಷರದ ಮಾತು ಗೈಡುಗಳ ಬಾಯಿಗೆ ಸುಲಭಕ್ಕೆ ಬರುವುದಿಲ್ಲ. ನಾನು ಹಂಪಿಯಲ್ಲಿ ಹದಿನೆಂಟು ವರ್ಷದಿಂದ ಗೈಡು. ನೆತ್ತಿ ಸುಡುವ ಬಿಸಿಲಲ್ಲಿ, ಎಲ್ಲಿಂದಲೋ ಖರ್ಚು ಮಾಡಿಕೊಂಡು ಬಂದ ಮನುಷ್ಯ ಕಂಬದಲ್ಲಿನ ಒಂದು ತೂತನ್ನು ತೋರಿಸಿ 'ಇದು ಯಾತಕ್ಕೆ?' ಎಂದು ಕೇಳುತ್ತಾನೆ. 'ಗೊತ್ತಿಲ್ಲ' ಎಂದರೆ ಅವನ ಮುಖ ಹೇಗಾಗುತ್ತದೆಂದರೆ, ಬಂದಿದ್ದೇ ದಂಡವಾಯಿತು ಎಂಬಂತೆ. ಅದನ್ನು ನೋಡಲಾರದೆ ಒಮ್ಮೆ ನಾನು 'ರಾಣಿಯರ ಗಿಣಿಯ ಪಂಜರ ತೂಗುಹಾಕಲು' ಎಂದುಬಿಟ್ಟೆ. ಕೇಳಿದವರು ಸಂತೋಷಪಟ್ಟು ಆ ತೂತಿನ ಫೋಟೋ ತೆಗೆದುಕೊಂಡರು. ಮುಂದೊಂದು ದಿನ ಅದೇ ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಬೇರೊಬ್ಬ ಗೈಡು ತನ್ನ ಗುಂಪಿಗೆ ಅದೇ ಗಿಣಿಯ ಕಥೆ ಹೇಳುವುದು ಕೇಳಿಸಿತು. ಅಷ್ಟರಲ್ಲಿ ಗಿಣಿ ಮಾತು ಕಲಿತಿತ್ತು. ಅದಕ್ಕೊಂದು ಹೆಸರೂ ಬಂದಿತ್ತು. ಹೀಗೆ ನಾನು ಚರಿತ್ರೆಗೆ ಒಂದು ಗಿಣಿಯನ್ನು ಕೊಟ್ಟವಳು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಆ ಚಾಳಿಯನ್ನು ಮನೆಗೆ ತಂದಾಗ ಏನಾಯಿತು ಎಂಬುದನ್ನು ಹೇಳುವಾಗ ನನಗೇ ಸ್ವಲ್ಪ ಮುಜುಗರ.

ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಮೊನ್ನೆ ಮೊನ್ನೆ ಹೊಸಪೇಟೆಯ ಒಂದು ಹಳೆಯ ಓಣಿಯಲ್ಲಿ ನಾವು ಮನೆ ಕೊಂಡೆವು. 'ನಾವು' ಎಂದರೆ ನಾನು ಮತ್ತು ನನ್ನ ಗಂಡ ಮಂಜುನಾಥ. ಅವರು ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಟೆಕ್ನೀಶಿಯನ್. ಮನೆ ಕೊಳ್ಳುವಾಗ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು: ಬೋರಿನ ನೀರು ಬಾಯಿಗೆ ಹಾಕಿ ನೋಡಿದೆವು, ಬಾಗಿಲುಗಳನ್ನು ತೆಗೆದು ಮುಚ್ಚಿದೆವು, ಗೋಡೆಗಳನ್ನು ಕಲ್ಲಂಗಡಿ ಆರಿಸುವವರ ಹಾಗೆ ಬಡಿದು ನೋಡಿದೆವು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಮುಂದೆ ಮಾತ್ರ ಅಕ್ಕಿ ಚೀಲಗಳನ್ನು ಒಟ್ಟಿದ್ದರು. ಯಾರದೋ ಅಕ್ಕಿಯನ್ನು ಸರಿಸಿ ನೋಡುವುದು ಸಭ್ಯತೆಯಲ್ಲ ಎಂದು ಬಿಟ್ಟೆವು. ನೋಂದಣಿ ಮುಗಿದು, ಅಕ್ಕಿ ಹೋಗಿ, ಬಾಗಿಲು ತೆಗೆದಾಗ ಒಳಗೆ ಸೂರಿನಿಂದ ನೆಲದವರೆಗೆ ಕರಿ ವೈರುಗಳು ಇಳಿಬಿದ್ದಿದ್ದವು. ಶಾವಿಗೆ ಒಣಹಾಕಿ, ಅದು ಕಪ್ಪಾಗುವ ತನಕ ಮರೆತುಬಿಟ್ಟ ಹಾಗೆ. ಎಣಿಸಿದೆವು: ಹದಿನೇಳು. ಒಂದರ ಮೇಲೂ ಒಂದು ಅಕ್ಷರವಿಲ್ಲ, ಒಂದು ಗೀಟಿಲ್ಲ.

ಮನೆ ಮಾರಿದ ಚೆನ್ನಬಸಪ್ಪನವರು ಹಿಂದೆ ಓಣಿಗೆಲ್ಲ ಕೇಬಲ್ ಟೀವಿ ಕೊಡುತ್ತಿದ್ದವರು. ಅವರ ತಾರಸಿಯ ಮೇಲೆ ರೊಟ್ಟಿಯ ಹೆಂಚಿನಂಥ ದೊಡ್ಡ ತಟ್ಟೆ ಇತ್ತಂತೆ. ಅದು ಆಕಾಶದಿಂದ ಹಿಡಿದದ್ದನ್ನು ಈ ಮೆಟ್ಟಿಲ ಕೆಳಗೆ ತಂದು, ಇಲ್ಲಿಂದ ಮನೆಮನೆಗೆ ಹಂಚುತ್ತಿದ್ದರು. ಬಲ್ಬಿನ ವೈರಲ್ಲ ಅದು. ಬೆರಳಿನಷ್ಟು ದಪ್ಪದ, ಕರಿ ತೊಗಲು, ಲೋಹದ ಜಾಲರಿ, ಬಿಳಿ ಮೈ, ನಡುವೆ ಒಂದೇ ತಾಮ್ರದ ಎಳೆ ಇರುವ ಹಳೆಯ ಕಾಲದ ಟೀವಿ ವೈರು. ಆಮೇಲೆ ಸೆಟ್‌ಟಾಪ್ ಪೆಟ್ಟಿಗೆ ಬಂತು, ಮೊಬೈಲು ಬಂತು, ಚೆನ್ನಬಸಪ್ಪನವರ ವ್ಯಾಪಾರ ಮುಗಿಯಿತು. ತಟ್ಟೆ ಗುಜರಿಗೆ ಹೋಯಿತು. ಅವರು ಸಂಡೂರಿನಲ್ಲಿರುವ ಮಗಳ ಮನೆಗೆ ಹೋದರು. ವೈರುಗಳು ನಮಗೆ ಉಳಿದವು.

ಇಲ್ಲಿ ನನ್ನ ಗಂಡನ ಬಗ್ಗೆ ಒಂದು ಮಾತು. ಹೆಸರು ಬರೆಯದ ರಕ್ತದ ಸೀಸೆಯನ್ನು ಅವರು ಮುಟ್ಟುವುದಿಲ್ಲ. ಅದು ಉದ್ಯೋಗಧರ್ಮ, ಸರಿ. ಆದರೆ ಆ ಧರ್ಮ ನಮ್ಮ ಅಡುಗೆಮನೆಗೂ ಬಂದಿದೆ. ಸಕ್ಕರೆ ಡಬ್ಬಿಗೆ 'ಸಕ್ಕರೆ' ಎಂಬ ಚೀಟಿ, ಉಪ್ಪಿನ ಡಬ್ಬಿಗೆ 'ಉಪ್ಪು' ಎಂಬ ಚೀಟಿ, ಏನೂ ಇಲ್ಲದ ಡಬ್ಬಿಗೆ 'ಖಾಲಿ' ಎಂಬ ಚೀಟಿ. ಒಂದು ದಿನ ನಾನು ಆ ಖಾಲಿ ಡಬ್ಬಿಯಲ್ಲಿ ಕಡಲೆಬೇಳೆ ಹಾಕಿದ್ದಕ್ಕೆ ಎರಡು ದಿನ ಮುಖ ಬಿಗಿದುಕೊಂಡಿದ್ದರು. ಅಂಥವರ ಮುಂದೆ ಹದಿನೇಳು ಅನಾಮಧೇಯ ವೈರು ಬಂದು ನಿಂತರೆ ಹೇಗಿರಬೇಡ? ಭಾನುವಾರ ಬೆಳಗ್ಗೆ ತಿಂಡಿ ಮುಗಿಯುತ್ತಲೇ ಪತ್ತೆ ಕೆಲಸ ಶುರುವಾಯಿತು.

ಮೊದಲು ಎಳೆದು ನೋಡುವ ವಿಧಾನ. ಅವರು ಕೆಳಗೆ ಒಂದು ವೈರು ಜಗ್ಗುವುದು, ನಾನು ತಾರಸಿಯ ಮೇಲೆ ನಿಂತು ಯಾವುದು ಅಲ್ಲಾಡಿತೆಂದು ಫೋನಿನಲ್ಲಿ ಹೇಳುವುದು. ಒಂದನ್ನು ಜಗ್ಗಿದರೆ ಹದಿನೇಳೂ ಅಲ್ಲಾಡಿದವು. ಒಂದರ ಕೊನೆಯಲ್ಲಿ ಕೂತಿದ್ದ ಕಾಗೆ ಹಾರಿಹೋಯಿತು. "ಕಾಗೆ ಯಾವ ವೈರಿನ ಮೇಲಿತ್ತು?" ಎಂದು ಅವರು ಕೇಳಿದರು. "ಈಗ ಅದು ಯಾವುದರ ಮೇಲೂ ಇಲ್ಲ" ಎಂದೆ. ಆಮೇಲೆ ಅವರು ಮೀಟರು ತಂದರು. ವೈರಿನ ಒಂದು ತುದಿಯಲ್ಲಿ ತಾಮ್ರದ ಎಳೆಯನ್ನೂ ಸುತ್ತಲಿನ ಜಾಲರಿಯನ್ನೂ ಕೂಡಿಸಿ ತಿರುಚಿದರೆ, ಇನ್ನೊಂದು ತುದಿಯಲ್ಲಿ ಮೀಟರು 'ಕುಂಯ್' ಎನ್ನುತ್ತದೆ. ಹಾಗೆ ಮಾಡಿದಾಗ ಮೂರು ವೈರು ನಮ್ಮದೇ ಕೋಣೆಗಳಿಗೆ ಹೋಗಿದ್ದು ಗೊತ್ತಾಯಿತು. ಉಳಿದ ಹದಿನಾಲ್ಕು ಒಂದು ಕೊಳವೆಯಲ್ಲಿ ತಾರಸಿಗೆ ಏರಿ, ಪ್ಯಾರಾಪೆಟ್ ದಾಟಿ, ಓಣಿಯ ಮೇಲೆ, ಬೇವಿನ ಮರದ ಮೇಲೆ, ಕಂಡವರ ಸೂರಿನ ಮೇಲೆ ಎಲ್ಲೆಲ್ಲೋ ಹೋಗಿದ್ದವು. ಅವುಗಳಲ್ಲಿ ಹನ್ನೆರಡರ ತುದಿ ಕೆಳಗೆ ಖಾಲಿ ಜೋತುಬಿದ್ದಿತ್ತು. ಎರಡನ್ನು ಮಾತ್ರ ಒಂದು ಹಿತ್ತಾಳೆಯ ತುಂಡಿನಿಂದ ಒಂದಕ್ಕೊಂದು ಜೋಡಿಸಿದ್ದರು. ಅಂದರೆ ಹೊರಗಿನಿಂದ ಬಂದ ವೈರು ನಮ್ಮ ಮೆಟ್ಟಿಲ ಕೆಳಗೆ ತಿರುಗಿ ಮತ್ತೆ ಹೊರಗೇ ಹೋಗಿತ್ತು. ಮಂಜುನಾಥ ರಕ್ತದ ಸೀಸೆಗೆ ಅಂಟಿಸುವ ಚೀಟಿಗಳನ್ನೇ ತಂದು ಒಂದರಿಂದ ಹದಿನಾಲ್ಕು ನಂಬರು ಹಚ್ಚಿದರು. ಜೋಡಿಯಾಗಿದ್ದ ಎರಡಕ್ಕೆ 'ವಿಚಾರಿಸಬೇಕು' ಎಂದು ಬರೆದು, "ಚೆನ್ನಬಸಪ್ಪನವರಿಗೆ ಫೋನು ಮಾಡಿ ಕೇಳು. ಕೇಳುವ ತನಕ ಯಾವುದನ್ನೂ ಮುಟ್ಟಬೇಡ" ಎಂದರು. ಆಗಲಿ ಎಂದೆ.

ಸೋಮವಾರ ಅವರು ಡ್ಯೂಟಿಗೆ ಹೋದರು, ಪೇಂಟರ್ ಬಂದ. ಮರಿಯಮ್ಮನಹಳ್ಳಿ ಕಡೆಯವನು, ಗೃಹಪ್ರವೇಶದೊಳಗೆ ಮನೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟವನು. ಬಾಡಿಗೆ ಮನೆ ಬಿಟ್ಟುಕೊಡಬೇಕಾಗಿ ಬಂದದ್ದರಿಂದ ನಾವು ಹಾಲುಕ್ಕಿಸಿ ಮೊದಲೇ ಬಂದು ಸೇರಿದ್ದೆವು. ಮೆಟ್ಟಿಲ ಕೆಳಗೆ ಇಣುಕಿ, "ಅಕ್ಕಾರ, ಇವು ಇರೋತನ ಗ್ವಾಡಿಗೆ ಪುಟ್ಟಿ ಹಚ್ಚಾಕ ಬರಂಗಿಲ್ರಿ. ಬೇಕೋ ಬ್ಯಾಡೋ ಜಲ್ದಿ ಹೇಳ್ರಿ" ಎಂದ. ನಾನು ಚೆನ್ನಬಸಪ್ಪನವರಿಗೆ ಫೋನು ಹಚ್ಚಿದೆ. ಸಂಡೂರಿನ ಗುಡ್ಡಗಳ ನಡುವೆ ಅವರ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಪೇಂಟರ್ ಕೈಯಲ್ಲಿ ಕತ್ತರಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಹಾಗೆ ಯಾರಾದರೂ ನನ್ನ ಮುಖ ನೋಡುತ್ತ ನಿಂತರೆ ನನ್ನೊಳಗಿನ ಗೈಡು ಎದ್ದುಬಿಡುತ್ತಾಳೆ. ಕೇಬಲ್ ಟೀವಿಯ ಉದಯ, ವೈಭವ, ಪತನಗಳನ್ನು ಅವನಿಗೆ ವಿವರಿಸಿದೆ. ಹೊರಗಿನಿಂದ ಬಂದು ಹೊರಗೇ ಹೋಗುವ ವೈರಿಗೂ ಮನೆಗೂ ಸಂಬಂಧವಿಲ್ಲ, ಇವೆಲ್ಲ ಸತ್ತು ಎಷ್ಟೋ ವರ್ಷವಾಯಿತು ಎಂದೆ.

"ಖಾತ್ರಿ ಏನ್ರಿ?" ಎಂದ.

"ಖಾತ್ರಿ" ಎಂದೆ.

ಅವನು ತಾರಸಿಗೆ ಹೋಗಿ ಪ್ಯಾರಾಪೆಟ್ಟಿನ ಹತ್ತಿರ ಹದಿನಾಲ್ಕನ್ನೂ ಕತ್ತರಿಸಿದ. ಕೆಳಗಿನಿಂದ ಜಗ್ಗಿದಾಗ ಕೊಳವೆಯೊಳಗಿನ ತುಂಡುಗಳು, ಮಂಜುನಾಥರ ಚೀಟಿಗಳ ಸಮೇತ, ಸರಸರನೆ ಇಳಿದು ಬಂದವು. ಅವನ್ನು ಗುಜರಿಯವನಿಗೆ ಕೊಟ್ಟು ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡೆ. ಸಂಜೆ ಮಂಜುನಾಥ ಬಂದು ಬೋಳಾದ ಗೋಡೆ ನೋಡಿ, "ಚೆನ್ನಬಸಪ್ಪನವರನ್ನು ಕೇಳಿದೆಯಾ?" ಎಂದರು. "ಹ್ಞೂಂ" ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಅದು ಸುಳ್ಳೆಂದು ನನಗೇ ಹೊಳೆದದ್ದು ರಾತ್ರಿಯ ಊಟ ಮುಗಿದ ಮೇಲೆ.

ಎರಡು ದಿನ ಬಿಟ್ಟು ಪಕ್ಕದ ಮನೆಯ ಹನುಮಂತಪ್ಪ ಎಂಬವರು ಕಂಪ್ಲಿಯ ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪು ಹಿಡಿದುಕೊಂಡು ಬಂದರು. "ನೀವು ಬಂದಿದ್ದು ಓಣಿಗೆ ಭಾಳ ಛಲೋ ಆತ್ರಿ ಮೇಡಂ. ನಿಮ್ಮಂಥ ತಿಳದವರು ಬೇಕಾಗಿತ್ತು" ಎಂದರು. ನನ್ನ ವಿದ್ವತ್ತಿನ ಸುದ್ದಿ ಹಂಪಿಯಿಂದ ಇಲ್ಲಿಯವರೆಗೆ ಬಂದಿದೆಯಲ್ಲ ಎಂದು ಖುಷಿಪಟ್ಟು, ಹಣ್ಣು ತಿನ್ನುತ್ತ ಅವರಿಗೆ ವಿಜಯನಗರದ ನೀರಾವರಿಯ ಬಗ್ಗೆ ಒಂದಿಷ್ಟು ಹೇಳಿದೆ.

ಹನುಮಂತಪ್ಪನವರ ಮನೆ ಒಂದೇ ಉದ್ದನೆಯ ಕಟ್ಟಡದ ನಡುವಿನ ಭಾಗ. ಅದೇ ಕಟ್ಟಡದ ಮುಂಭಾಗದ ಕೋಣೆಯಲ್ಲಿ ನಾಗಮ್ಮ ಎಂಬಾಕೆ ಬಟ್ಟೆ ಹೊಲಿಯುತ್ತಾಳೆ. ಗೃಹಪ್ರವೇಶಕ್ಕೆಂದು ನಾನು ಅವಳಿಗೆ ಮೂರು ಬ್ಲೌಸ್ ಕೊಟ್ಟಿದ್ದೆ. ಹೇಳಿದ ದಿನ ಆಗಿರಲಿಲ್ಲ, ಮರುದಿನವೂ ಆಗಿರಲಿಲ್ಲ. ಮುಂದಿನ ಮಂಗಳವಾರ ಹೋದಾಗಲೂ ಒಂದಕ್ಕೆ ತೋಳಿರಲಿಲ್ಲ, ಇನ್ನೊಂದಕ್ಕೆ ಬರೀ ತೋಳಿತ್ತು. "ಮನ್ಯಾಗ ಸ್ವಲ್ಪ ತಾಪತ್ರಯ ಐತ್ರಿ ಅಕ್ಕಾ. ಶುಕ್ರವಾರ ಖರೇನ ಕೊಡ್ತೀನಿ" ಎಂದಳು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ನಾನು ಬಾಗಿಲಿಗೆ ಒರಗಿ ನಿಂತು, ಮಾತಿಗೆ ತಪ್ಪುವವರಿಂದ ಏನೂ ಕಟ್ಟಲಾಗುವುದಿಲ್ಲ, ಹಂಪಿಯ ಪುಷ್ಕರಣಿಯಲ್ಲಿ ಪ್ರತಿ ಕಲ್ಲಿನ ಮೇಲೂ ಅದು ಯಾವ ದಿಕ್ಕು ಯಾವ ಸಾಲು ಎಂದು ಕೆತ್ತಿದ್ದಾರೆ, ಅಂಥ ಶಿಸ್ತಿನ ನೆಲದಲ್ಲಿ ಮೂರು ಬ್ಲೌಸಿಗೆ ಇಷ್ಟು ದಿನವೇ ಎಂದು ಉಪನ್ಯಾಸ ಕೊಟ್ಟೆ. ಅವಳು ಎರಡು ಮೂರು ಸಲ ಏಳಲು ನೋಡಿದಳು. ನಾನು ಬಾಗಿಲಲ್ಲೇ ಇದ್ದೆ. ಅರ್ಧ ಗಂಟೆಯಾದರೂ ಆಗಿರಬೇಕು.

ಶುಕ್ರವಾರ ಹೋದಾಗ ಮೂರೂ ಬ್ಲೌಸ್ ಮಡಿಚಿ ಇಟ್ಟಿದ್ದಳು. ಹೊಲಿಗೆ ಅಚ್ಚುಕಟ್ಟಾಗಿತ್ತು. ಅವಳ ಮಷೀನಿನ ಪಕ್ಕದಲ್ಲಿ ಒಂದು ಸಣ್ಣ ಟೀವಿ, ಗಿರಾಕಿಗಳ ಕಡೆ ಬೆನ್ನು ಮಾಡಿ ಅವಳ ಕಡೆಗೇ ತಿರುಗಿತ್ತು. ಬಗ್ಗಿ ನೋಡಿದರೆ ಪರದೆ ಬರೀ ನೀಲಿ.

"ಬಾಕ್ಸ್ ಒಮ್ಮೆ ಆಫ್ ಮಾಡಿ ಆನ್ ಮಾಡು, ಸರಿಹೋಗುತ್ತದೆ" ಎಂದೆ.

"ಅದು ಹಂಗ ನೋಡೋ ಟೀವಿ ಅಲ್ರಿ ಅಕ್ಕಾ" ಎಂದಳು ನಾಗಮ್ಮ. "ಅದರಾಗ ನಮ್ಮನ್ಯಾರು ಕಾಣತಿದ್ರು."

ಆಮೇಲೆ ಅವಳು ಹೇಳಿದ್ದು ಇಷ್ಟು. ಅವಳ ಗಂಡ ಯಂಕಪ್ಪ ಅದಿರಿನ ಲಾರಿ ಓಡಿಸುತ್ತಿದ್ದವನು. ಲಕ್ವಾ ಹೊಡೆದು ಬಲಭಾಗವೂ ಮಾತೂ ಹೋದವು. ಎಡಗೈ ಒಂದು ಎತ್ತುತ್ತಾನೆ. ಮುಂದಿನ ಕೋಣೆಯಲ್ಲಿ ಹೆಂಗಸರು ಅಳತೆ ಕೊಡಲು ಬರುವುದರಿಂದ ಅವನ ಮಂಚ ಹಿತ್ತಲ ಕೋಣೆಯಲ್ಲಿದೆ. ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಇರುವುದು ಮೈದುನ ಹನುಮಂತಪ್ಪನ ಪಾಲು. ಭಾಗವಾದಾಗಿನಿಂದ ಮಾತಿಲ್ಲ, ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದಾನೆ. ಹಿಂದಕ್ಕೆ ಹೋಗಬೇಕೆಂದರೆ ಓಣಿ ಸುತ್ತಿಕೊಂಡು ಹೋಗಬೇಕು. ಗಂಟೆ ಕಟ್ಟಿ ನೋಡಿದಳು. ಸದ್ದಿನಿಂದ ನಿದ್ದೆ ಕೆಡುತ್ತದೆ ಎಂದು ಮೈದುನ ಜಗಳ ತೆಗೆದ. ಕೊನೆಗೆ ಚೆನ್ನಬಸಪ್ಪನವರೇ ಎಲ್ಲಿಂದಲೋ ಒಂದು ಹಳೆಯ ಕ್ಯಾಮರಾ ತಂದು ಯಂಕಪ್ಪನ ಮಂಚದ ಮೇಲೆ ಕೂಡಿಸಿದರು. ಹಿತ್ತಲ ಕೋಣೆಗೂ ಮುಂದಿನ ಕೋಣೆಗೂ ಹಿಂದಿನ ಕಾಲದ ಒಂದೊಂದು ಕೇಬಲ್ ವೈರು ಮೊದಲೇ ಇತ್ತು. ಎರಡೂ ಅವರ ಮನೆಯ ಮೆಟ್ಟಿಲ ಕೆಳಗೆ ಬಂದು ಸೇರುತ್ತಿದ್ದವು. ಅವೆರಡನ್ನೂ ಅಲ್ಲೇ ಜೋಡಿಸಿಬಿಟ್ಟರು. ಯಂಕಪ್ಪ ಕೈ ಎತ್ತಿದರೆ ಇಲ್ಲಿ ಕಾಣುತ್ತಿತ್ತು. ಇವಳು ಸೂಜಿ ಚುಚ್ಚಿಟ್ಟು ಓಡುತ್ತಿದ್ದಳು.

"ಈಗ ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡ್ಕಂಡು ಬರ್ತೀನ್ರಿ. ಅದಕ್ಕ ನಿಮ್ಮ ಬ್ಲೌಸ್ ತಡ ಆದ್ವು."

"ವೈರು ಹೋದದ್ದನ್ನು ನನಗೆ ಯಾಕೆ ಹೇಳಲಿಲ್ಲ?"

"ನಿಮ್ಮ ಮನಿ, ನಿಮ್ಮ ಗ್ವಾಡಿ. ಕಂಡವರ ವೈರ್ ಯಾಕ ಇರಬೇಕು ಅಂತ ತೆಗಸೀರಿ ಅನ್ಕಂಡೆ. ಕೇಳಾಕ ಹೆಂಗ ಬಾಯಿ ಬರ್ತದ್ರಿ?" ಎಂದಳು. ಬಾಬಿನ್ನಿಗೆ ದಾರ ಸುತ್ತುತ್ತ, "ಮಂಗಳವಾರ ಮಂಚದಿಂದ ಜಾರಿ ಬಿದ್ದಿದ್ರು ನೋಡ್ರಿ. ನೀವು ಹೋದ ಮ್ಯಾಲ ನಾನು ಹೋದೆ. ನೆಲದ ಮ್ಯಾಲ ಇದ್ರು. ಮೊಣಕೈ ತರಚಿತ್ತು, ಅಷ್ಟ" ಎಂದಳು.

ಅವಳು ದೂರುತ್ತಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಕಲ್ಲುಗಳ ಶಿಸ್ತಿನ ಬಗ್ಗೆ ಹೇಳುತ್ತಿದ್ದಾಗ ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದಿದ್ದ. ಈಗ ಯಾವ ಮಾತು ಆಡಬೇಕಿತ್ತೋ ಅದು ನನಗೆ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು, "ಛೆ, ಆ ಪೇಂಟರ್ ಅರಿಯದೆ ಕತ್ತರಿಸಿಬಿಟ್ಟ ನಾಗಮ್ಮ" ಎಂದು. ನಾಗಮ್ಮ ನನ್ನನ್ನು ಒಂದು ಕ್ಷಣ ನೋಡಿ, "ಹೌದೇನ್ರಿ" ಎಂದಳು. ಹೊಸ ವೈರೇ ಎಳೆಸಿಕೊಡುತ್ತೇನೆ ಎಂದೆ. "ಹೊಸಾ ವೈರ್‌ಗೆ ನಮ್ಮ ಮೈದುನ ಅಡ್ಡ ಬರ್ತಾನ್ರಿ. ಹಳೇವು ಅವರಪ್ಪನ ಕಾಲದಾಗಿಂದ ಅದಾವು, ಅವಕ್ಕ ಏನೂ ಅನ್ನಾಕ ಬರಂಗಿಲ್ಲ" ಎಂದಳು. ಹಳೆಯ ವೈರನ್ನು ಯಾರೂ ಕೇಳುವುದಿಲ್ಲ. ಹೊಸ ವೈರಿಗೆ ಮಾತ್ರ ಎಲ್ಲರ ಒಪ್ಪಿಗೆ ಬೇಕು. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಹನುಮಂತಪ್ಪನವರ ಬಾಳೆಹಣ್ಣು ಇನ್ನೂ ಎರಡು ಕಪ್ಪಾಗಿ ಉಳಿದಿದ್ದವು. ನಾನು ಅವರ ಪಕ್ಷ ವಹಿಸಿ ಅತ್ತಿಗೆಯ ವೈರು ಕತ್ತರಿಸಿದೆ ಎಂದು ಅವರು ಭಾವಿಸಿದ್ದರು. ನನ್ನ ನೀರಾವರಿ ಉಪನ್ಯಾಸವನ್ನು ಅವರು ಅಷ್ಟು ತಾಳ್ಮೆಯಿಂದ ಕೇಳಿದ್ದು ಅದಕ್ಕೇ.

ಶನಿವಾರ, ಗುಂಪೊಂದು ಬಂದಿದೆ ಎಂದು ಗಂಡನಿಗೆ ಹೇಳಿ, ಸಂಡೂರಿನ ಬಸ್ಸು ಹತ್ತಿದೆ. ಇದು ಮೂರನೆಯ ಸುಳ್ಳು. ಒಂದು ಸುಳ್ಳನ್ನು ಇನ್ನೊಂದಕ್ಕೆ ಜೋಡಿಸಲು ಯಾವ ಹಿತ್ತಾಳೆ ತುಂಡೂ ಬೇಕಾಗುವುದಿಲ್ಲ. ಸೀರೆಯ ಅಂಚಿಗೆ ಕೆಂಪು ಧೂಳು ಹಚ್ಚಿಕೊಂಡು ಇಳಿದಾಗ ಚೆನ್ನಬಸಪ್ಪನವರು ಮಗಳ ಮನೆಯ ಕಟ್ಟೆಯ ಮೇಲೆ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ನಡೆದದ್ದನ್ನು ಹೇಳಿದೆ. ಅವರಿಗೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ, ಆದ್ದರಿಂದ ನಿಜವನ್ನೇ ಹೇಳಿದೆ.

"ಹದಿನಾಕೂ ಕತ್ತರಿಸಿದ್ರಿ?" ಎಂದರು.

"ಹದಿನಾಲ್ಕೂ."

ಅವರು ಮಿಕ್ಸಿಯ ಸ್ಕ್ರೂ ಒಂದನ್ನು ಅಂಗೈಯಲ್ಲಿ ಉರುಳಿಸಿದರು. "ಒಂದರ ಮೇಲಾದರೂ ಹೆಸರು ಬರೆದಿಡಬಾರದಿತ್ತೇ?" ಎಂದು ನಾನೇ ಆಕ್ಷೇಪಣೆಯ ದನಿಯಲ್ಲಿ ಕೇಳಿದೆ.

"ಯಾಕ ಬರೀಬೇಕ್ರಿ? ದಿನಾ ಮುಟ್ಟಿದ ವೈರು. ನಿಮ್ಮ ಮಕ್ಕಳ ಹಣಿ ಮ್ಯಾಲ ಹೆಸರು ಬರದಿರ್ತೀರೇನು?" ಎಂದರು.

ಆಮೇಲೆ ಯಾವುದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಕ್ಷೆ ಬರೆದುಕೊಟ್ಟರು. ಅದರಲ್ಲಿ ಬೀದಿಯ ಹೆಸರಿಲ್ಲ, ದಿಕ್ಕಿಲ್ಲ. ಒಂದು ಗೆರೆಯ ತುದಿಯಲ್ಲಿ 'ಕುಸ್ತಿ', ಇನ್ನೊಂದರ ತುದಿಯಲ್ಲಿ 'ಭಜನೆ', ಮತ್ತೊಂದರಲ್ಲಿ 'ಅಡುಗೆ', ಒಂದರಲ್ಲಿ 'ಬರೇ ಜಗಳ' ಎಂದಿತ್ತು. ಯಾರ ಮನೆಯವರು ಏನು ನೋಡುತ್ತಿದ್ದರೋ ಅದೇ ಅವರ ವಿಳಾಸ. ನಾಗಮ್ಮನವು ಎಡದಿಂದ ಏಳನೆಯದು ಮತ್ತು ಹನ್ನೊಂದನೆಯದು ಎಂದರು. ಮೊಣಕಾಲು ನೋವಿನಿಂದ ಬರಲಾರೆ ಎಂದು ಹೇಳಿ, ಹಿತ್ತಾಳೆಯ ತುಂಡುಗಳಿದ್ದ ಒಂದು ಬಟ್ಟೆಚೀಲವನ್ನೂ ವೈರಿನ ಸಿಪ್ಪೆ ಸುಲಿಯುವ ಸಣ್ಣ ಕತ್ತರಿಯನ್ನೂ ಕೊಟ್ಟರು. ಬೀಳ್ಕೊಡುವಾಗ, "ಯಂಕಪ್ಪ ನನಗ ಭಾಳ ಬೇಕಾದ ಮನಷ್ಯಾರಿ. ಬಿರುಗಾಳಿಗೆ ಬಿದ್ದ ನಮ್ಮ ಟೀವಿ ತಟ್ಟಿ ಹೊತ್ತಗೊಂಡು ಮ್ಯಾಲ ಇಟ್ಟಂವ ಅವನ" ಎಂದರು.

ಭಾನುವಾರ ಬೆಳಗ್ಗೆ ಗಂಡ ಏಳುವ ಮೊದಲೇ ತಾರಸಿಗೆ ಹೋದೆ. ಕತ್ತರಿಸಿದ ಹದಿನಾಲ್ಕು ತುದಿಗಳು ಪ್ಯಾರಾಪೆಟ್ಟಿನ ಮೂಲೆಯಲ್ಲಿ ಒಂದರ ಮೇಲೊಂದು ಗುಪ್ಪೆಯಾಗಿ ಬಿದ್ದಿದ್ದವು. ಗುಪ್ಪೆಗೆ ಎಡ ಯಾವುದು, ಬಲ ಯಾವುದು? ಐದುನೂರು ವರ್ಷದ ಹಿಂದಿನ ಕಾಲುವೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತೆಂದು ಕಣ್ಣು ಮುಚ್ಚಿ ಹೇಳುವ ನಾನು, ಹದಿಮೂರು ದಿನದ ಹಿಂದಿನ ವೈರಿನ ಮುಂದೆ ನಕ್ಷೆ ಹಿಡಿದುಕೊಂಡು ಸುತ್ತುತ್ತಿದ್ದೆ. ಹಿಂದಿನಿಂದ ಮಂಜುನಾಥರ ದನಿ ಬಂತು: "ಏನು ಹುಡುಕುತ್ತಿದ್ದೀ?" ಬಗ್ಗಿ ಕೂತಿದ್ದವಳಿಗೆ ಹೊಸ ಸುಳ್ಳು ಹೊಳೆಯಲಿಲ್ಲ. ಎಲ್ಲವನ್ನೂ ಹೇಳಿದೆ, ಮಂಗಳವಾರದ್ದನ್ನೂ ಸೇರಿಸಿ. ಅವರು ಬೈಯಲಿಲ್ಲ. "ವಿಚಾರಿಸಬೇಕು ಅಂತ ಬರೆದಿದ್ದೆನಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಒಂದು ಹಾಳೆ ತಂದು ಲೆಕ್ಕ ಹಾಕಿದರು. ಹದಿನಾಲ್ಕರಲ್ಲಿ ಎರಡೆರಡನ್ನು ಕೂಡಿಸುತ್ತ ಹೋದರೆ ತೊಂಬತ್ತೊಂದು ಜೋಡಿಯಾಗುತ್ತದಂತೆ. ಪ್ರತಿ ಜೋಡಿಗೂ ಒಂದು ಚೌಕ ಬರೆಯತೊಡಗಿದರು.

ಅವರು ಇಪ್ಪತ್ತನೆಯ ಚೌಕದಲ್ಲಿದ್ದಾಗ ನಾಗಮ್ಮ ಮೆಟ್ಟಿಲು ಹತ್ತಿ ಬಂದಳು. ನಾವು ತಾರಸಿಯಲ್ಲಿ ವೈರು ಹಿಡಿದು ಕೂತದ್ದನ್ನು ಓಣಿಯಿಂದ ಕಂಡಿದ್ದಳು. ಕಂಕುಳಲ್ಲಿ ಟೀವಿ ಇತ್ತು.

"ಅಣ್ಣಾರ, ಅಷ್ಟೆಲ್ಲಾ ಬರ್ಯಾದು ಬ್ಯಾಡ್ರಿ. ಟೀವೀನ ಇಲ್ಲಿ ಒಂದೊಂದಕ್ಕ ಹಚ್ಚಿ ನೋಡಿದ್ರ ಆತು. ಯಾವುದರಾಗ ನಮ್ಮನ್ಯಾರು ಕಾಣತಾರೋ ಅದ ಅವರ ವೈರು" ಎಂದಳು.

ಮಂಜುನಾಥ ಪೆನ್ನಿನ ಮುಚ್ಚಳ ಹಾಕಿದರು. ಕೆಳಗಿನಿಂದ ಕರೆಂಟಿನ ಬಳ್ಳಿ ಎಳೆದೆವು. ಬಿಸಿಲಿಗೆ ಪರದೆ ಕಾಣದಿದ್ದಾಗ ಹೊದಿಕೆ ತಂದು ಟೀವಿಯ ಮೇಲೂ ನಮ್ಮ ಮೂವರ ತಲೆಯ ಮೇಲೂ ಹಾಕಿಕೊಂಡೆವು. ಮಂಜುನಾಥ ಒಂದೊಂದೇ ವೈರಿನ ತುದಿ ಸುಲಿದು ಟೀವಿಗೆ ಹಚ್ಚುತ್ತಿದ್ದರು. ನೀಲಿ. ನೀಲಿ. ಮತ್ತೆ ನೀಲಿ. ಹೊದಿಕೆಯೊಳಗೆ ಬೆವರಿಳಿಯುತ್ತಿತ್ತು. ಎಂಟನೆಯದನ್ನು ಹಚ್ಚಿದಾಗ ಪರದೆ ಒಮ್ಮೆ ನಡುಗಿ, ಒಂದು ಮಂಚ ಬಂತು. ಮಂಚದ ಪಕ್ಕ ಸ್ಟೀಲಿನ ತಂಬಿಗೆ, ಗೋಡೆಗೆ ಕ್ಯಾಲೆಂಡರು, ದಿಂಬಿನ ಮೇಲೆ ಕುರುಚಲು ಗಡ್ಡದ ಒಂದು ದೊಡ್ಡ ಮುಖ. ನಾನು ಯಂಕಪ್ಪನನ್ನು ನೋಡಿದ್ದು ಅದೇ ಮೊದಲು. ಅವನು ಸೂರು ನೋಡುತ್ತಿದ್ದವನು ನಿಧಾನಕ್ಕೆ ಎಡಗೈ ಎತ್ತಿದ.

"ಬಂದೆ, ಬಂದೆ!" ಎಂದು ನಾಗಮ್ಮ ಟೀವಿಗೇ ಹೇಳಿ, ಹೊದಿಕೆ ಸರಿಸಿ ಮೆಟ್ಟಿಲಿಳಿದು ಓಡಿದಳು. ನಾವಿಬ್ಬರೂ ಹೊದಿಕೆ ಸರಿಮಾಡಿಕೊಂಡು ನೋಡುತ್ತ ಕೂತೆವು. ಓಣಿ ಸುತ್ತಿಕೊಂಡು ಹೋಗುವಷ್ಟು ಹೊತ್ತಾದ ಮೇಲೆ ಅವಳು ಪರದೆಯೊಳಗೆ ಬಂದಳು. ತಲೆ ಎತ್ತಿ ಹಿಡಿದು ನೀರು ಕುಡಿಸಿದಳು, ಸೆರಗಿನಿಂದ ಬಾಯಿ ಒರೆಸಿದಳು, ಏನೋ ಹೇಳಿ ಕ್ಯಾಮರಾದ ಕಡೆ ಬೆರಳು ತೋರಿಸಿದಳು. ಯಂಕಪ್ಪ ಕಣ್ಣು ಹೊರಳಿಸಿ ನೇರ ನಮ್ಮನ್ನೇ ನೋಡಿದ. ನಾನು ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡೆ. "ಅವರಿಗೆ ನೀನು ಕಾಣುವುದಿಲ್ಲ" ಎಂದರು ಮಂಜುನಾಥ.

ಇನ್ನೊಂದು ವೈರು ಹುಡುಕುವುದು ಸುಲಭವಾಯಿತು. ಟೀವಿಯನ್ನು ಮತ್ತೆ ಮಷೀನಿನ ಪಕ್ಕದಲ್ಲಿಟ್ಟು ನಾಗಮ್ಮ ಕೂತಳು. ನಾನು ತಾರಸಿಯಲ್ಲಿ ಯಂಕಪ್ಪನ ವೈರಿಗೆ ಉಳಿದವುಗಳನ್ನು ಒಂದೊಂದಾಗಿ ಜೋಡಿಸುವುದು, ಮಂಜುನಾಥ ಪ್ಯಾರಾಪೆಟ್ಟಿನಿಂದ ಬಗ್ಗಿ "ಬಂತಾ?" ಎಂದು ಕೂಗುವುದು, ಕೆಳಗಿನಿಂದ "ಇಲ್ರಿ!" ಎಂಬ ಉತ್ತರ. ಐದು ಸಲ 'ಇಲ್ರಿ' ಆದ ಮೇಲೆ ನಾಗಮ್ಮ ಬಾಗಿಲಿಗೇ ಓಡಿಬಂದು, "ಬಂದ್ರು! ನಮ್ಮನ್ಯಾರು ಬಂದ್ರು!" ಎಂದು ಕೂಗಿದಳು. ಯಂಕಪ್ಪ ಮಂಚದಿಂದ ಎದ್ದೇ ಬಂದನೆಂದು ತಿಳಿದು ಓಣಿಯ ನಾಲ್ಕು ಮನೆಯವರು ಹೊರಗೆ ಬಂದು ನೋಡಿದರು.

ನಾಗಮ್ಮ ಜೋಡಣೆಗೆ ಕೆಂಪು ದಾರ ಸುತ್ತಿದಳು. ಮಂಜುನಾಥ ಅದರ ಮೇಲೆ 'ನಾಗಮ್ಮ–ಯಂಕಪ್ಪ. ಕತ್ತರಿಸಬಾರದು' ಎಂದು ಚೀಟಿ ಹಚ್ಚಿ, ಮಳೆ ನೀರು ತಾಗದಂತೆ ಪ್ಲಾಸ್ಟಿ‌ಕ್ ಕಟ್ಟಿದರು. ಇಷ್ಟಾದ ಮೇಲೂ ಸುಮ್ಮನಿರುವುದು ಸರಿಯಲ್ಲವೆನಿಸಿ ನಾನು, "ನಾಗಮ್ಮ, ಪೇಂಟರಿನದು ತಪ್ಪಲ್ಲ. ಕತ್ತರಿಸು ಎಂದವಳು ನಾನೇ" ಎಂದೆ.

"ಗೊತ್ತೈತ್ರಿ ಅಕ್ಕಾ. ಅವತ್ತ ಅವನ್ನ ಕೇಳಿದ್ದೆ. ಮನಿ ಅಕ್ಕಾರು ಖಾತ್ರಿ ಅಂದ್ರು ಅಂದ" ಎಂದಳು. ಹಾಗಾದರೆ ಶುಕ್ರವಾರ ನಾನು ಪೇಂಟರಿನ ಮೇಲೆ ಹಾಕಿದಾಗ ಅವಳು 'ಹೌದೇನ್ರಿ' ಎಂದದ್ದು ನನ್ನ ಮರ್ಯಾದೆ ಉಳಿಸಲು.

ಮರುದಿನದಿಂದ ಹನುಮಂತಪ್ಪನವರು ನನ್ನನ್ನು ಕಂಡರೆ ಆಚೆ ತಿರುಗುತ್ತಾರೆ. ಬಾಳೆಹಣ್ಣು ನಿಂತಿತು. ಅದು ನಿರೀಕ್ಷಿಸಿದ್ದೇ. ಆದರೆ ವಾರದ ಮೇಲೆ ಓಣಿಯ ತುದಿಮನೆಯ ಅಜ್ಜಿ ಬಂದು, "ಯವ್ವಾ, ನಮ್ಮ ಹೀರಿಬಳ್ಳಿ ಒಂದು ಕರೇ ವೈರಿನ ಮ್ಯಾಲ ಹಬ್ಬಿತ್ತು. ನೀವು ಗ್ವಾಡಿಗೆ ಬಣ್ಣ ಹಚ್ಚಿದ ದಿನ ದಪ್ ಅಂತ ನೆಲಕ್ಕ ಬಿತ್ತು ನೋಡು" ಎಂದಳು. ಹೋಗಿ ನೈಲಾನ್ ಹಗ್ಗ ಕಟ್ಟಿಕೊಟ್ಟು ಬಂದೆ. ಇನ್ನೂ ಹನ್ನೊಂದು ತುದಿಗಳು ತಾರಸಿಯಲ್ಲಿವೆ. ಸತ್ತ ವೈರೇ ಆದರೂ ಯಾರು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರೋ, ಯಾರ ತಗಡು ಅದರ ಆಸರೆಯಲ್ಲಿ ನಿಂತಿತ್ತೋ ಹೇಗೆ ಹೇಳುವುದು? ಮನೆಮನೆಗೆ ಹೋಗಿ ವಿಚಾರಿಸಲು ಮಂಜುನಾಥ ಪಟ್ಟಿ ಮಾಡಿಕೊಟ್ಟಿದ್ದಾರೆ. ನಾಲ್ಕು ಮನೆ ಮುಗಿದಿದೆ. ಈ ನಡುವೆ ಓಣಿಯಲ್ಲಿ ಯಾರಾದರೂ ನನ್ನನ್ನು ನೋಡಿ ನಗದಿದ್ದರೆ, ಅದು ಅವರ ಸ್ವಭಾವವೋ ನಾನು ಕತ್ತರಿಸಿದ ವೈರೋ ಎಂದು ತಿಳಿಯದೆ ಒದ್ದಾಡುತ್ತೇನೆ. ಮೂಲೆಮನೆಯ ನಿವೃತ್ತ ಮೇಷ್ಟ್ರು ನನ್ನ ನಮಸ್ಕಾರಕ್ಕೆ ಒಂದು ದಿನವೂ ಉತ್ತರ ಕೊಟ್ಟಿಲ್ಲ. "ಅವರು ಎಲ್ಲಾರಿಗೂ ಹಂಗರಿ, ನಾನು ಮದಿವಿ ಆಗಿ ಬಂದಾಗಿಂದ ನೋಡೀನಿ" ಎಂದು ನಾಗಮ್ಮ ಸಮಾಧಾನ ಹೇಳಿದಳು. ನನಗೆ ನಂಬಿಕೆ ಬರಲಿಲ್ಲ.

ನಿನ್ನೆ ಸಂಜೆ ಅವರ ಮನೆಯ ಪಕ್ಕದ ಸಂದಿಯಲ್ಲಿ ನಿಂತು, ಗೋಡೆಯೊಳಗೆ ಯಾವುದಾದರೂ ಕರಿ ವೈರು ಹೋಗಿದೆಯೇ ಎಂದು ಕತ್ತೆತ್ತಿ ನೋಡುತ್ತಿದ್ದೆ. ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, "ಏನು ನೋಡಾಕತ್ತೀರಿ?" ಎಂದರು. ವೈರು ಎನ್ನಲು ಬಾಯಿ ಬರಲಿಲ್ಲ. "ನಿಮ್ಮ ಗೋಡೆಯ ಕಲ್ಲು ನೋಡುತ್ತಿದ್ದೆ ಸರ್. ಬಹಳ ಹಳೆಯದು. ಇದರ ಮೇಲಿನ ಉಳಿಯ ಗುರುತು ನೋಡಿದರೆ ನಾಲ್ಕುನೂರು ವರ್ಷಕ್ಕೆ ಕಡಿಮೆ ಇಲ್ಲ" ಎಂದೆ. ಆ ಕಾಲದ ಕಲ್ಲುಕುಟಿಗರ ಬಗ್ಗೆ, ಆನೆಗಳು ಕಲ್ಲು ಎಳೆದ ದಾರಿಯ ಬಗ್ಗೆ ಐದು ನಿಮಿಷ ಹೇಳಿದೆ. ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ ಬಾಗಿಲು ತೆಗೆದು, ಮೊದಲ ಸಲ ನಕ್ಕು, "ಬರ್ರಿ, ಕುಂದ್ರಿ. ಈ ಕಲ್ಲು ನಾನ ತರಸಿದ್ದು, ಕುರೇಕುಪ್ಪದ ಕಡೆಯಿಂದ, ಲಾರ್ಯಾಗ. ದೊಡ್ಡ ಮಗನ ಮದಿವಿ ವರ್ಷ. ಚಾ ಕುಡೀತೀರೇನು?" ಎಂದರು. ಕುಡಿದೆ. ಚಹಾ ಚೆನ್ನಾಗಿತ್ತು. ವೈರಿನ ವಿಷಯ ಕೇಳಲು ಮರೆತು ಬಂದೆ.